ಎಷ್ಟು ದೂರದಿಂದ ಕೇಳಬೇಕು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಹಳಬರನ್ನು ಮರೆಯಲಾಗದ ಸಂಗೀತ ಕಚೇರಿ ಯಾವುದೆಂದು ಕೇಳಿ ನೋಡಿ. ರಾಗದ ಹೆಸರಿನಿಂದ ಮಾತು ಶುರು ಮಾಡುವವರು ಅಪರೂಪ. ಎಲ್ಲಿ ಕೂತಿದ್ದರು ಎಂಬುದರಿಂದಲೇ ಶುರು ಮಾಡುತ್ತಾರೆ. ಗುಡಿಯ ಕಟ್ಟೆ ಮೇಲೆ, ಅರಳೀಮರದ ಬುಡದಲ್ಲಿ, ಮೃದಂಗದವರ ಬೆನ್ನ ಹಿಂದೆ ಹಾಸಿದ ಜಮಖಾನದ ಅಂಚಿನಲ್ಲಿ. ಏನು ಹಾಡಿದರು ಎಂಬುದು ಆಮೇಲೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಇದನ್ನು ಮರೆವು ಅಂದುಕೊಳ್ಳಬೇಕಿಲ್ಲ. ಸಂಗೀತ ಮನಸ್ಸಿನಲ್ಲಿ ನಿಲ್ಲುವುದಕ್ಕೆ ಕಿವಿಗೂ ವಾದ್ಯಕ್ಕೂ ನಡುವೆ ಇದ್ದ ದೂರ ಎಷ್ಟು ಮುಖ್ಯ ಎಂಬುದನ್ನು ಅವರು ತಮಗೆ ಗೊತ್ತಿಲ್ಲದೆಯೇ ಹೇಳುತ್ತಿರುತ್ತಾರೆ.

ಈ ಸೀಮೆಯ ಒಂದೊಂದು ಸಂಗೀತಕ್ಕೂ ಅದರದ್ದೇ ಆದ ದೂರವಿದೆ. ತಮಟೆಗೆ ಒಂದು, ತತ್ವಪದಕ್ಕೆ ಒಂದು, ನಾಟಕದ ಹಾಡಿಗೆ ಒಂದು. ಮೈಕು, ಸ್ಪೀಕರ್ ಪೆಟ್ಟಿಗೆ, ಜನರೇಟರ್ ಬಂದ ಮೇಲೆ ಎಲ್ಲವನ್ನೂ ಒಂದೇ ಜೋರಿನಲ್ಲಿ, ಒಂದೇ ದೂರದಿಂದ ಕೇಳಿಸುವ ಅಭ್ಯಾಸ ಬೆಳೆದಿದೆ. ಕಾರ್ಯಕ್ರಮಗಳ ಸಂಖ್ಯೆ ಕಡಿಮೆಯಾಗಿಲ್ಲ. ಆದರೆ ಕೇಳಿ ಮನೆಗೆ ಹೋದ ಮೇಲೆ ಉಳಿಯುವುದು ಕಡಿಮೆಯಾಗಿದ್ದರೆ ಅದಕ್ಕೆ ಕಾರಣ ಬಹಳ ಸಲ ಕಲಾವಿದರಲ್ಲಿಲ್ಲ, ನಾವು ಮಾಡುವ ಏರ್ಪಾಡಿನಲ್ಲಿದೆ.

ಮೊದಲು ತಮಟೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಈ ಭಾಗದವರಿಗೆ ಆದ ಸಂತೋಷ ಸಣ್ಣದಲ್ಲ. ಜಾತ್ರೆ, ಸಾವು, ಮೆರವಣಿಗೆ, ಊರದೇವತೆ ಹಬ್ಬ ಎಲ್ಲದಕ್ಕೂ ಬೇಕಾದ, ಆದರೆ ವೇದಿಕೆಯ ಮೇಲೆ ಕೂರಿಸದ ವಾದ್ಯಕ್ಕೆ ಸಂದ ಗೌರವ ಅದು. ಹಾಗಿದ್ದೂ ಇವತ್ತಿಗೂ ತಮಟೆಯನ್ನು ಸರಿಯಾಗಿ ಕೇಳಿಸಿಕೊಳ್ಳುವ ಸಂಘಟಕರು ಕಡಿಮೆ. ಕಾರ್ಯಕ್ರಮ ಪಟ್ಟಿಯಲ್ಲಿ ಅದಕ್ಕೆ ಸಿಗುವುದು ಗಣ್ಯರನ್ನು ವೇದಿಕೆಗೆ ಕರೆತರುವ ಐದು ನಿಮಿಷ. ಆ ಐದು ನಿಮಿಷದಲ್ಲಿ ತಮಟೆ ಬಾಯಿ ಬಿಡುವುದೇ ಇಲ್ಲ.

ಯಾಕೆಂದರೆ ತಮಟೆಯನ್ನು ಮೊದಲು ಕಾಯಿಸಬೇಕು. ಒಂದೇ ಮುಖದ ವಾದ್ಯ, ಬಳೆಯಂಥ ಚೌಕಟ್ಟಿಗೆ ಬಿಗಿದ ತೊಗಲು. ಮೃದಂಗಕ್ಕಿರುವಂತೆ ಬಿಗಿಮಾಡಲು ಬಾರು, ಗೂಟ ಯಾವುದೂ ಇಲ್ಲ. ಅದರ ಶ್ರುತಿಯೆಲ್ಲ ಬೆಂಕಿಯಲ್ಲಿದೆ. ತೊಗಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದಷ್ಟೂ ಸಡಿಲವಾಗುತ್ತದೆ, ಸಡಿಲವಾದಷ್ಟೂ ದನಿ ಮೊದ್ದಾಗುತ್ತದೆ. ಒಣಹುಲ್ಲು, ತೆಂಗಿನ ಗರಿ, ಅಡಿಕೆ ಹಾಳೆ ಹಾಕಿ ಎಬ್ಬಿಸಿದ ಬೆಂಕಿಯ ಮುಂದೆ ತಮಟೆಯನ್ನು ಒಂದು ಅಡಿಯಷ್ಟು ದೂರದಲ್ಲಿ ಹಿಡಿದು ನಿಧಾನ ತಿರುಗಿಸುತ್ತಾ ಹೋಗುತ್ತಾರೆ. ಅಂಚು ಮೊದಲು, ನಡುಭಾಗ ಕೊನೆಗೆ. ಅಂಚಿನ ತೊಗಲು ಚೌಕಟ್ಟಿಗೆ ಅಂಟಿ ಮಡಿಚಿರುವುದರಿಂದ ಅಲ್ಲಿ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ. ನಡುಭಾಗವನ್ನೇ ಬೆಂಕಿಗೆ ಒಡ್ಡಿದರೆ ಅಲ್ಲಿ ಒಣಗಿ, ಅಂಚಿನಲ್ಲಿ ಹಸಿಯಾಗಿಯೇ ಉಳಿದು, ದನಿ ಎರಡು ತುಂಡಾಗುತ್ತದೆ. ನಡುನಡುವೆ ಬೆರಳ ಉಗುರಿನಿಂದ ಚಿಮ್ಮಿ ನೋಡುತ್ತಾರೆ. ಮೊದಲು ಬರುವ ಸದ್ದು ಒದ್ದೆ ಮಣ್ಣಿಗೆ ಹೊಡೆದಂತಿರುತ್ತದೆ. ನಾಲ್ಕೈದು ನಿಮಿಷ ಕಳೆದ ಮೇಲೆ ಹಾಗೇ ಚಿಮ್ಮಿದರೆ ಕಂಚಿನ ಬಟ್ಟಲು ತಾಗಿದಂಥ ಚುರುಕಾದ ಉತ್ತರ ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಅದಕ್ಕಿಂತ ಒಂದು ನಿಮಿಷ ಹೆಚ್ಚಾದರೂ ತೊಗಲು ಸೆಟೆದುಕೊಂಡು, ಕೋಲಿನ ಮೊದಲ ಗಟ್ಟಿ ಪೆಟ್ಟಿಗೇ ಅಂಚಿನಲ್ಲಿ ಸೀಳುತ್ತದೆ. ಚೆನ್ನಾಗಿ ಕಾದ ತಮಟೆಯ ಹಿಂಬದಿಗೆ ಅಂಗೈ ಇಟ್ಟರೆ ಬೆಚ್ಚಗಿರಬೇಕು, ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಸುಡಬಾರದು.

ಹೀಗೆ ಕಾಯಿಸಿದ್ದು ಎಷ್ಟು ಹೊತ್ತು ನಿಲ್ಲುತ್ತದೆ? ಬೇಸಿಗೆಯ ಒಣಗಾಳಿಯಲ್ಲಿ ಒಂದು ಸುತ್ತು ಪೂರ್ತಿ ಆಡಬಹುದು. ಕಾರ್ತಿಕದ ಮಂಜಿನಲ್ಲಿ, ಕೆರೆಯಂಗಳದ ಜಾತ್ರೆಯಲ್ಲಿ, ಅರ್ಧ ಗಂಟೆಗೆಲ್ಲ ಮತ್ತೆ ಬೆಂಕಿಗೆ ಹೋಗಬೇಕು. ಆದ್ದರಿಂದ ತಮಟೆ ಮೇಳಕ್ಕೆ ಜಾಗ ಕೊಡುವಾಗ ವೇದಿಕೆಯಿಂದ 20–30 ಅಡಿಯೊಳಗೆ, ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ, ಶಾಮಿಯಾನದಿಂದ ದೂರವಾಗಿ ಬೆಂಕಿಗೆ ಜಾಗ ಬಿಡಬೇಕು. ಪಕ್ಕದಲ್ಲಿ ಎರಡು ಬಕೆಟ್ ನೀರು, ಒಂದು ಬುಟ್ಟಿ ಮರಳು ಇಟ್ಟಿರಬೇಕು. ಸಭಾಂಗಣದೊಳಗೆ ಕರೆದು, ಬೆಂಕಿ ಹಚ್ಚುವ ಹಾಗಿಲ್ಲ ಎಂದು ಹೇಳಿ, ಆಮೇಲೆ ತಮಟೆ ಯಾಕೋ ಕೇಳಿಸಲಿಲ್ಲ ಎನ್ನುವುದು ಅನ್ಯಾಯ. ಈಗ ಪ್ಲಾಸ್ಟಿಕ್ ಹಾಳೆಯ ತಮಟೆಗಳು ಬಂದಿವೆ. ಮಳೆಗಾಲದ ಮೆರವಣಿಗೆಗೆ, ಕಲಿಯುವ ಮಕ್ಕಳಿಗೆ ಅವು ಅನುಕೂಲ. ಆದರೆ ಅದರ ದನಿಯಲ್ಲಿ ಮೇಲಿನ ಚಟಚಟ ಮಾತ್ರ ಇದೆ, ಎದೆಗೆ ತಾಗುವ ಕೆಳಗಿನ ಗುಂಗು ಇಲ್ಲ.

ತಮಟೆಯನ್ನು ಬಾರಿಸಲು ಎರಡು ಕೋಲು. ಬಲಗೈಯಲ್ಲಿ ಗಿಡ್ಡದಾದ ದಪ್ಪ ಕೋಲು, ಎಡಗೈಯಲ್ಲಿ ಉದ್ದನೆಯ ತೆಳು ಬಿದಿರ ಸೀಳು. ದಪ್ಪ ಕೋಲು ಹೆಜ್ಜೆಯನ್ನು ಹೇಳುತ್ತದೆ, ಸೀಳು ಅದರ ನಡುವಿನ ಜಾಗವನ್ನು ತುಂಬುತ್ತದೆ. ಐದಾರು ತಮಟೆ ಒಟ್ಟಿಗೆ ಆಡುವಾಗ ಚೆಲುವಿರುವುದು ಈ ಸೀಳಿನ ಮಾತಿನಲ್ಲಿ. ಅದನ್ನು ಬಿಡಿಸಿ ಕೇಳಬೇಕಾದರೆ ಕೇಳುವವರು ಎಲ್ಲಿ ನಿಲ್ಲಬೇಕು ಎಂಬುದೇ ಪ್ರಶ್ನೆ. ಬಯಲಿನಲ್ಲಿ ದೂರ ಎರಡು ಪಟ್ಟಾದ ಹಾಗೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 4 ಅಡಿಯಲ್ಲಿ 100 ಡೆಸಿಬಲ್ ಇದ್ದರೆ 8 ಅಡಿಗೆ 94, 16ಕ್ಕೆ 88, 32ಕ್ಕೆ 82. ನಾಲ್ಕಡಿಯಲ್ಲಿ ನಿಂತವರಿಗೆ ತಮ್ಮೆದುರಿನ ಒಂದೇ ತಮಟೆ ಕೇಳಿಸಿ ಉಳಿದವೆಲ್ಲ ಅದರ ಹಿಂದೆ ಮುಚ್ಚಿಹೋಗುತ್ತವೆ, ಕಿವಿಯೂ ಬೇಗ ಸೋಲುತ್ತದೆ. 30–40 ಅಡಿ ಹಿಂದೆ ಸರಿದರೆ ಎಲ್ಲ ತಮಟೆಗಳಿಂದಲೂ ದೂರ ಹೆಚ್ಚುಕಡಿಮೆ ಸಮವಾಗಿ, ಮೇಳ ಒಂದೇ ಮಾತಾಗಿ ಬರುತ್ತದೆ, ಸೀಳಿನ ಬಿಡಿ ಅಕ್ಷರವೂ ಕಳೆದುಹೋಗುವುದಿಲ್ಲ. ಆ ದೂರದಲ್ಲಿ ಒಂದು ಹಗ್ಗ ಕಟ್ಟಿ, ಹಗ್ಗದಾಚೆ ಜನ ಕೂರಲಿ. ಮೇಳ ಅರ್ಧಚಂದ್ರಾಕಾರವಾಗಿ ನಿಂತರೆ ಇನ್ನೂ ಒಳ್ಳೆಯದು, ಅವರಿಗೆ ಒಬ್ಬರ ಕೈ ಒಬ್ಬರಿಗೆ ಕಾಣುತ್ತದೆ.

ಇಂಥ ಮೇಳಕ್ಕೆ ಮೈಕ್ ಬೇಡವೇ ಬೇಡ. ಸಾವಿರ ಜನ ಸೇರುವ ಮೈದಾನವಾದರೆ ಮೇಳದ ತಲೆಯ ಮೇಲೆ, ಏಳೆಂಟು ಅಡಿ ಎತ್ತರದಲ್ಲಿ, ಎರಡೇ ಮೈಕ್ ಸಾಕು. ಒಬ್ಬೊಬ್ಬರ ಮುಂದೆ ಹಾಡುಗಾರರ ಮೈಕ್ ಇಡುವುದು ದೊಡ್ಡ ತಪ್ಪು. ತಮಟೆಯ ಪೆಟ್ಟು ಒಂದೇ ಗಳಿಗೆಯಲ್ಲಿ ತುತ್ತತುದಿಗೆ ಏರಿ ಇಳಿಯುತ್ತದೆ. ಆ ತುದಿಯನ್ನು ಮಿಕ್ಸರ್ ತಡೆದುಕೊಳ್ಳಲಾರದೆ ಕತ್ತರಿಸಿಬಿಡುತ್ತದೆ. ಪೆಟ್ಟಿಗೆಯಿಂದ ಹೊರಬರುವುದು ತಗಡು ಹರಿದ ಸದ್ದು. ಅದನ್ನು ಕೇಳಿದ ಊರಿನ ಮಕ್ಕಳು ತಮಟೆ ಎಂದರೆ ಇದೇ ಎಂದುಕೊಂಡು ಬೆಳೆಯುತ್ತಾರೆ, ಅದೇ ನೋವು.

ರಾತ್ರಿ ಪಕ್ಕದೂರಿನ ತಮಟೆ ಹಾಸಿಗೆಯಲ್ಲಿ ಮಲಗಿದವರಿಗೂ ಕೇಳಿಸುವುದಕ್ಕೆ ಕಾರಣವಿದೆ. ಹಗಲಲ್ಲಿ ನೆಲ ಕಾದು, ನೆಲದ ಹತ್ತಿರದ ಗಾಳಿ ಬಿಸಿಯಾಗಿ, ಸದ್ದು ಮೇಲಕ್ಕೆ ಬಾಗಿ ಹೋಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲ ಬೇಗ ತಣಿಯುತ್ತದೆ, ತಣ್ಣನೆಯ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ. ಆಗ ಸದ್ದು ಕೆಳಕ್ಕೆ ಬಾಗಿ ನೆಲದ ಗುಂಟವೇ ಸಾಗುತ್ತದೆ. ಮೋಡವಿಲ್ಲದ, ಗಾಳಿ ನಿಂತ ರಾತ್ರಿಗಳಲ್ಲಿ ಇದು ಹೆಚ್ಚು, ಶಿವರಾತ್ರಿಯ ಹೊತ್ತಿನ ನಮ್ಮ ರಾತ್ರಿಗಳು ಬಹುಪಾಲು ಹಾಗೆಯೇ ಇರುತ್ತವೆ. ಸಂಜೆ ಆರಕ್ಕೆ ಮಾಡಿದ ಜೋರನ್ನು ಹತ್ತರ ತನಕ ಹಾಗೇ ಬಿಟ್ಟರೆ ಆಚೆ ಊರಿನವರ ನಿದ್ದೆ ಕೆಡುವುದೂ ಇದೇ ಕಾರಣಕ್ಕೆ.

ತತ್ವಪದದ ದೂರ ಇದಕ್ಕೆ ಪೂರ್ತಿ ವಿರುದ್ಧ. ಕೈವಾರದ ತಾತಯ್ಯನವರ, ಅಂದರೆ ಯೋಗಿ ನಾರೇಯಣರ, ಪದಗಳನ್ನು ಚಿಂತಾಮಣಿ, ಶಿಡ್ಲಘಟ್ಟ, ಶ್ರೀನಿವಾಸಪುರದ ಭಜನೆ ಮನೆಗಳಲ್ಲಿ ಹಾಡುವುದನ್ನು ಕೇಳಬೇಕಾದರೆ ಹತ್ತು ಅಡಿಯೊಳಗೆ ಕೂರಬೇಕು. ಏಕತಾರಿ, ತಾಳ, ದಮ್ಮಡಿ ಎಂಬ ಸಣ್ಣ ಚರ್ಮವಾದ್ಯ, ಎಲ್ಲೋ ಒಂದು ಹಾರ್ಮೋನಿಯಂ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಂದೆ ಸೇರುತ್ತಾರೆ. ಪದ ತೆಲುಗಿನಲ್ಲೂ ಇರಬಹುದು, ಕನ್ನಡದಲ್ಲೂ ಇರಬಹುದು, ಇಲ್ಲಿನವರ ಕಿವಿಗೆ ಎರಡೂ ಮನೆಮಾತೇ. ಇಲ್ಲಿ ಮುಖ್ಯವಾದದ್ದು ಮಾತು. ಮಾತು ಸ್ಪಷ್ಟವಾಗುವುದು ವ್ಯಂಜನಗಳಿಂದ. ತ, ಚ, ಸ, ಕ ಇವೆಲ್ಲ ಮೇಲಿನ ಕಂಪನದ ಸಣ್ಣ ಸದ್ದುಗಳು, ದೂರ ಹೋದಂತೆ, ಗೋಡೆಗೆ ತಾಗಿ ಬಂದಂತೆ ಮೊದಲು ಮಸುಕಾಗುವುದು ಅವೇ. ಅದಕ್ಕೇ ದೊಡ್ಡ ಸಭಾಂಗಣದಲ್ಲಿ ತತ್ವಪದ ಹಾಡಿಸಿದಾಗ ರಾಗ ಬಂದು ತತ್ವ ಬಾರದೆ ಹೋಗುವುದು. ಎಂಟು ಹತ್ತು ಜನರ ಭಜನಾ ತಂಡಕ್ಕೆ ಆಳಿಗೊಂದು ಮೈಕ್ ಕೊಡುವ ಬದಲು ಎತ್ತಿಕೊಡುವವರಿಗೆ ಒಂದು, ಹಿಂದೆ ಹಾಡುವವರಿಗೆಲ್ಲ ಸೇರಿ ಎರಡು ಇಟ್ಟರೆ ಸಾಕು. ತಾಳ ಹಾಕುವವರನ್ನು ಮೈಕಿನಿಂದ ಆದಷ್ಟು ದೂರ ಕೂರಿಸಬೇಕು. ಕಂಚಿನ ತಾಳದ ಸದ್ದು ಇರುವುದು ವ್ಯಂಜನಗಳಿರುವ ಜಾಗದಲ್ಲೇ, ಹಾಗಾಗಿ ಅದು ನೇರವಾಗಿ ಮಾತನ್ನೇ ನುಂಗುತ್ತದೆ.

ಕೈವಾರದಲ್ಲಿ ಆಷಾಢದ ಗುರುಪೂರ್ಣಿಮೆಗೆ ನಡೆಯುವ ಸಂಗೀತೋತ್ಸವ 72 ಗಂಟೆ, ಮೂರು ಹಗಲು ಮೂರು ರಾತ್ರಿ, ನಿಲ್ಲದೆ ಸಾಗುತ್ತದೆ. ಊರೂರಿನ ಭಜನಾ ತಂಡ, ಹರಿಕಥೆ, ನಾದಸ್ವರ, ಶಾಸ್ತ್ರೀಯ ಗಾಯನ ಎಲ್ಲ ಒಂದರ ಹಿಂದೆ ಒಂದು. ಇಂಥದ್ದೊಂದು ಉತ್ಸವದ ಲೆಕ್ಕ ಹಾಕಿ ನೋಡಿದರೆ ತಲೆ ತಿರುಗುತ್ತದೆ. 72 ಗಂಟೆ ಎಂದರೆ 4,320 ನಿಮಿಷ. ತಲಾ 20 ನಿಮಿಷ ಎಂದಿಟ್ಟುಕೊಂಡರೆ 216 ಸರದಿ. ಒಂದು ತಂಡ ಎದ್ದು ಇನ್ನೊಂದು ಕೂರುವುದಕ್ಕೆ ಐದು ನಿಮಿಷ ಹಿಡಿದರೆ 18 ಗಂಟೆ ಬರೀ ಚಾಪೆ ಹಾಸುವುದರಲ್ಲೇ ಹೋಗುತ್ತದೆ. ಅಖಂಡ ಸಂಗೀತ ನಡೆಸುವ ಊರುಗಳೆಲ್ಲ ಮೊದಲು ಯೋಚಿಸಬೇಕಾದ್ದು ಇದನ್ನೇ. ದಾರಿ ಇಷ್ಟು: ಅಕ್ಕಪಕ್ಕ ಎರಡು ಗಿಡ್ಡ ವೇದಿಕೆ, ಒಂದರಲ್ಲಿ ಹಾಡು ನಡೆಯುವಾಗ ಇನ್ನೊಂದರಲ್ಲಿ ಮುಂದಿನ ತಂಡ ಕೂತು ಶ್ರುತಿ ಹಿಡಿದಿರಬೇಕು. ಎರಡಕ್ಕೂ ಬೇರೆ ಬೇರೆ ಮೈಕ್ ಸಾಲು. ಮುಗಿಸುವ ತಂಡಕ್ಕೆ ಐದು ನಿಮಿಷ ಮೊದಲು ಕೈಸನ್ನೆ, ಬೆಲ್ ಬೇಡ. ರಾತ್ರಿ ಎರಡರಿಂದ ನಾಲ್ಕರ ಸರದಿಯನ್ನು ಮಕ್ಕಳ ತಂಡಕ್ಕೆ ಕೊಡಬಾರದು. ಆ ಹೊತ್ತಿಗೆ ನಾದಸ್ವರ ಇಟ್ಟರೆ ಮಲಗಿದ್ದವರೂ ಎದ್ದು ಕೂರುತ್ತಾರೆ.

ಮುಳಬಾಗಿಲಿನ ನರಸಿಂಹತೀರ್ಥವನ್ನು ಇಲ್ಲಿ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಶ್ರೀಪಾದರಾಜರ ಬೃಂದಾವನ ಇರುವ ಜಾಗ. ಹದಿನೈದನೆಯ ಶತಮಾನದಲ್ಲಿ ಕನ್ನಡದ ಪದವನ್ನು ದೇವರ ಪೂಜೆಯ ಹೊತ್ತಿಗೆ ಹಾಡಲು ತಂದವರಲ್ಲಿ ಅವರು ಮೊದಲಿಗರು, ರಂಗವಿಠಲ ಅವರ ಅಂಕಿತ. ಜ್ಯೇಷ್ಠ ಶುದ್ಧ ಚತುರ್ದಶಿಯ ಆರಾಧನೆಗೆ ಹೋಗುವವರು ಬೃಂದಾವನದ ಎದುರು, ಮೈಕಿಲ್ಲದ ಹೊತ್ತಿನಲ್ಲಿ, ನಾಲ್ಕು ಜನ ಕೂತು ಹೇಳಿಕೊಳ್ಳುವ ದೇವರನಾಮಕ್ಕೆ ಕಿವಿ ಕೊಡಬೇಕು.

ತುಮಕೂರು ಕಡೆಗೆ ಬಂದರೆ ದೂರದ ಲೆಕ್ಕ ಬೇರೆ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಬೆಳೆದದ್ದು ಮೈಕ್ ಇಲ್ಲದ ಕಾಲದಲ್ಲಿ. ಹಿಂದಿನ ಸಾಲಿನ ನೆಲದ ಟಿಕೆಟ್ಟಿನವನಿಗೂ ಹಾಡು ಕೇಳಿಸಬೇಕು. ಹಾಗಾಗಿ ಕಂಪನಿ ನಾಟಕದ ನಟರು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರು. ಎತ್ತರದ ದನಿಗೆ ಆಗಿಬರುವ ಎರಡು ಸಾವಿರದಿಂದ ನಾಲ್ಕು ಸಾವಿರ ಹರ್ಟ್ಸ್ ಆಸುಪಾಸಿನ ಹೊಳಪಿಗೆ ಮನುಷ್ಯನ ಕಿವಿ ಅತಿ ಚುರುಕು. ಜೋರಾಗಿ ಕೂಗದೆಯೂ ದನಿ ದೂರ ಮುಟ್ಟುತ್ತದೆ. ಕಾಲಲ್ಲಿ ತಿದಿ ಒತ್ತುವ ಲೆಗ್ ಹಾರ್ಮೋನಿಯಂ ಬಂದದ್ದೂ ಅದಕ್ಕೆ ಹೊಂದಿಕೊಂಡಿತು. ಎರಡೂ ಕೈ ಮನೆಗಳ ಮೇಲೆ ಓಡಾಡಲು ಬಿಡುವು, ನಟನ ಸ್ವರಕ್ಕೆ ಬೆನ್ನಿಗೆ ನಿಂತಂತೆ ಗಟ್ಟಿ ದನಿ. ಆ ಹಾಡುಗಾರಿಕೆಯನ್ನು ಇಂದು ಮತ್ತೆ ಆಡಿ ತೋರಿಸುವವರು ಎದೆಗೆ ಮೈಕ್ ಅಂಟಿಸಿಕೊಂಡು ಹಾಡಿದರೆ ಅದೇ ಹೊಳಪು ಪೆಟ್ಟಿಗೆಯಲ್ಲಿ ಚುಚ್ಚುತ್ತದೆ. ರಂಗದ ಮುಂಚೂಣಿಯ ನೆಲದಲ್ಲಿ ಎರಡು ಚಪ್ಪಟೆ ಮೈಕ್ ಇಟ್ಟು, ನಟರಿಗೆ ಎಸೆದು ಹಾಡಲು ಬಿಡುವುದು ಮೇಲು. ಮುನ್ನೂರು ಜನ ಹಿಡಿಸುವ ರಂಗಮಂದಿರವಾದರೆ ಅದೂ ಬೇಡ.

ತಿಪಟೂರು ಸೀಮೆಯ ಮೂಡಲಪಾಯ ಯಕ್ಷಗಾನದ ಮುಖವೀಣೆಗೂ ಇದೇ ಮಾತು. ಹೆಸರಲ್ಲಿ ವೀಣೆ ಇದ್ದರೂ ಅದು ಊದುವ ವಾದ್ಯ, ಗೇಣುದ್ದದ ಕೊಳವೆ, ಎರಡು ಎಲೆಯ ಪೀಪಿ. ಭಾಗವತರ ದನಿಗೆ ನೆರಳಿನಂತೆ ಹಿಂದೆಯೇ ಸಾಗುತ್ತದೆ. ಮದ್ದಳೆ, ಗೆಜ್ಜೆ, ಕುಣಿತದ ನಡುವೆಯೂ ಹೊಲದಾಚೆಗೆ ಕೇಳಿಸುವಷ್ಟು ಚೂಪು. ಪೀಪಿ ಒಣಗಿದರೆ ಊದಿದರೂ ದನಿ ಏಳುವುದಿಲ್ಲ, ಅತಿ ನೆನೆದರೆ ಗೊರಗೊರ ಎನ್ನುತ್ತದೆ. ಅದಕ್ಕೇ ಆಟ ಶುರುವಾಗುವ ಮುಂಚೆ ಬಾಯಲ್ಲಿಟ್ಟು ನೆನೆಸುತ್ತಾ, ಮೂರ್ನಾಲ್ಕು ಪೀಪಿಗಳನ್ನು ದಾರಕ್ಕೆ ಕಟ್ಟಿ ಜೊತೆಗಿಟ್ಟುಕೊಂಡಿರುತ್ತಾರೆ. ನಾದಸ್ವರದವರ ಅಭ್ಯಾಸವೂ ಹಾಗೆಯೇ. ಸಂಘಟಕರು ಅವರ ಕೈಗೆ ಹತ್ತು ನಿಮಿಷ ಮೊದಲೇ ಒಂದು ಲೋಟ ಉಗುರುಬೆಚ್ಚನೆ ನೀರು ಕೊಟ್ಟರೆ ಅದೇ ದೊಡ್ಡ ಮರ್ಯಾದೆ.

ಶಾಸ್ತ್ರೀಯ ಕಚೇರಿಯಲ್ಲಿ ಬಯಲುಸೀಮೆಯ ರಾತ್ರಿ ತರುವ ತೊಂದರೆ ಒಂದಿದೆ, ಅದನ್ನು ಗಮನಿಸುವವರು ಕಡಿಮೆ. ಸಂಜೆ 30 ಡಿಗ್ರಿ ಇದ್ದದ್ದು ರಾತ್ರಿ ಹತ್ತರ ಹೊತ್ತಿಗೆ 20ಕ್ಕೆ ಇಳಿಯುವುದು ಫಾಲ್ಗುಣದಲ್ಲಿ ಇಲ್ಲಿ ಮಾಮೂಲು. ಗಾಳಿಯ ವಾದ್ಯದ ಶ್ರುತಿ ಗಾಳಿಯ ಬಿಸಿಗೆ ತಕ್ಕಂತೆ ಏರಿಳಿಯುತ್ತದೆ. ಒಂದು ಡಿಗ್ರಿಗೆ ಸುಮಾರು ಮೂರು ಸೆಂಟ್, ಅರ್ಧಸ್ವರವನ್ನು ನೂರು ಭಾಗ ಮಾಡಿದರೆ ಅದರಲ್ಲಿ ಮೂರು. ಹತ್ತು ಡಿಗ್ರಿ ಇಳಿದರೆ ಮೂವತ್ತು ಸೆಂಟ್, ಊದುವವರ ಬಿಸಿಯುಸಿರು ಅದರಲ್ಲಿ ಒಂದಿಷ್ಟನ್ನು ಹಿಂದಕ್ಕೆ ಕೊಡುತ್ತದೆ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗೆ ಚಳಿಯೂ ಇಲ್ಲ ಮಂಜೂ ಇಲ್ಲ, ಅದು ಮೊದಲಿಟ್ಟಲ್ಲೇ ನಿಂತಿರುತ್ತದೆ. ಮೃದಂಗದ ತೊಗಲು ತೇವಕ್ಕೆ ಸಡಿಲಿ ಕೆಳಗಿಳಿಯುತ್ತದೆ. ಹೀಗೆ ಎಂಟೂವರೆಗೆ ಒಂದೇ ಮನಸ್ಸಿನಲ್ಲಿದ್ದ ವೇದಿಕೆ ಹತ್ತರ ಹೊತ್ತಿಗೆ ಮೂರು ದಾರಿ ಹಿಡಿದಿರುತ್ತದೆ. ಕೇಳುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ಗೊತ್ತಾಗುವುದಿಲ್ಲ. ವೇದಿಕೆಯ ಮೂರು ಬದಿಗೆ ದಪ್ಪ ಜಮಖಾನ ಕಟ್ಟಿ ಗಾಳಿ ತಡೆಯುವುದು, ಕಲಾವಿದರು ಕೂರುವ ಅರ್ಧ ಗಂಟೆ ಮೊದಲೇ ವಾದ್ಯಗಳನ್ನು ಅದೇ ಗಾಳಿಗೆ ತಂದಿಡುವುದು, ಪ್ರಧಾನ ಕೃತಿಗೆ ಮುಂಚೆ ಎರಡು ನಿಮಿಷ ನಿಲ್ಲಿಸಿ ಮತ್ತೆ ಶ್ರುತಿ ಸೇರಿಸಲು ಅವಕಾಶ ಕೊಡುವುದು, ಇಷ್ಟು ಮಾಡಿದರೆ ಆಗುತ್ತದೆ. ಮೃದಂಗದವರು ಕಲ್ಲು, ಗೂಟ ಹಿಡಿದು ತಟ್ಟುವಾಗ, ಎಡಮುಖಕ್ಕೆ ಹಚ್ಚಿದ ರವೆ ಒಣಗಿ ನೀರು ಮುಟ್ಟಿಸುವಾಗ, ಆ ಹೊತ್ತನ್ನು ತುಂಬಲು ನಿರೂಪಕರು ಮಾತು ಶುರು ಮಾಡಬಾರದು. ಅವರಿಗೆ ಬೇಕಾದ್ದು ಮೌನ.

ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಿಗೆ, 1939ರಿಂದ ನಡೆದು ಬಂದಿರುವ ಆ ಚಪ್ಪರಕ್ಕೆ, ಈ ಮೂರೂ ಜಿಲ್ಲೆಯ ರಸಿಕರು ರೈಲು ಬಸ್ಸು ಹಿಡಿದು ಹೋಗುವುದುಂಟು. ಅದೇ ಮಾದರಿಯಲ್ಲಿ ಊರಿನಲ್ಲೂ ಉದ್ದನೆಯ ಚಪ್ಪರ ಹಾಕುತ್ತಾರೆ. ಉದ್ದ ಚಪ್ಪರದ ಕಷ್ಟ ಹಿಂದಿನ ಸಾಲಿನದ್ದು. ಹಿಂದೆ ಕೇಳಿಸುವುದಿಲ್ಲ ಎಂದು ನಡುಚಪ್ಪರದಲ್ಲಿ ಇನ್ನೆರಡು ಪೆಟ್ಟಿಗೆ ನಿಲ್ಲಿಸುತ್ತಾರೆ. ತಂತಿಯಲ್ಲಿ ಸಂಗೀತ ಕ್ಷಣಮಾತ್ರದಲ್ಲಿ ಹೋಗುತ್ತದೆ, ಗಾಳಿಯಲ್ಲಿ 100 ಅಡಿಗೆ ಸುಮಾರು 90 ಮಿಲಿಸೆಕೆಂಡ್ ಬೇಕು. ಹಿಂದೆ ಕೂತವರಿಗೆ ಪ್ರತಿ ಅಕ್ಷರವೂ ಎರಡು ಸಲ. ಮೃದಂಗದ ತನಿ, ಅಂದರೆ ತಾಳವಾದ್ಯ ಒಂದೇ ನುಡಿಯುವ ಭಾಗ, ಶುರುವಾದರಂತೂ ಎಲ್ಲ ಕಲಸುಮೇಲೋಗರ. ಹಿಂದಿನ ಪೆಟ್ಟಿಗೆಗೆ ಅಷ್ಟೇ ತಡ ಕೊಡಬೇಕು. ಮುಂದಿನ ಪೆಟ್ಟಿಗೆಯಿಂದ ಹಿಂದಿನದಕ್ಕೆ ಅಡಿಯಲ್ಲಿ ಅಳೆದು, ಪ್ರತಿ ಅಡಿಗೆ 0.9 ಮಿಲಿಸೆಕೆಂಡ್ ಹಾಕಿ, ಅದಕ್ಕೆ ಇನ್ನು 10–15 ಸೇರಿಸಬೇಕು. ಆ ಹೆಚ್ಚುವರಿ ಯಾಕೆಂದರೆ ಕಿವಿ ಮೊದಲು ಬಂದ ಸದ್ದಿನ ಕಡೆಗೇ ಮುಖ ಮಾಡುತ್ತದೆ. ವೇದಿಕೆಯ ದನಿ ಒಂದು ಗಳಿಗೆ ಮುಂಚೆ ಬಂದರೆ ಹಾಡು ವೇದಿಕೆಯಿಂದಲೇ ಬರುತ್ತಿದೆ ಅನ್ನಿಸುತ್ತದೆ, ಪಕ್ಕದ ಕಂಬದಿಂದ ಅಲ್ಲ. ಈ ಸೌಲಭ್ಯ ಈಗಿನ ಡಿಜಿಟಲ್ ಮಿಕ್ಸರ್‌ಗಳಲ್ಲೆಲ್ಲ ಸಾಮಾನ್ಯವಾಗಿ ಇದೆ. ಸೌಂಡ್‌ನವರನ್ನು ಮಾತಾಡಿಸುವಾಗ ಪೆಟ್ಟಿಗೆ ಎಷ್ಟು ಎಂದು ಕೇಳುವ ಮೊದಲು ಇದನ್ನು ಕೇಳಿ.

ಗಣೇಶನ ಹಬ್ಬದ, ರಾಜ್ಯೋತ್ಸವದ ರಸಮಂಜರಿಯಲ್ಲಿ ಕೆಡುವುದು ಮುಖ್ಯವಾಗಿ ಎರಡು. ಒಂದು, ಮೈಕ್ ಕೂಗುವುದು. ಪೆಟ್ಟಿಗೆಯ ಸದ್ದು ಮತ್ತೆ ಮೈಕಿಗೆ ಹೊಕ್ಕು ಸುತ್ತು ಹೊಡೆಯುವುದೇ ಕೂಗು. ಮುಖ್ಯ ಪೆಟ್ಟಿಗೆಗಳು ಹಾಡುವವರಿಗಿಂತ ನಾಲ್ಕೈದು ಅಡಿ ಮುಂದಿರಬೇಕು, ಹಾಡುವವರು ಮೈಕನ್ನು ಬಾಯಿಂದ ಎರಡು ಮೂರು ಅಂಗುಲದಲ್ಲಿ ಹಿಡಿಯಬೇಕು, ಜಾಲರಿಯ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯಬಾರದು. ಮುಚ್ಚಿದರೆ ಹಿಂದಿನ ಸದ್ದನ್ನು ತಡೆಯುವ ಅದರ ಗುಣವೇ ಹೋಗುತ್ತದೆ. ಎರಡನೆಯದು ಗೂಂ ಎನ್ನುವ ಕರೆಂಟಿನ ಸದ್ದು. ಬೆಳಕಿನ ಸರ ಮತ್ತು ಸೌಂಡ್ ಎರಡನ್ನೂ ಒಂದೇ ಫೇಸಿಗೆ ಕೊಟ್ಟರೆ, ಅರ್ಥಿಂಗ್ ಎರಡು ಕಡೆ ಬೇರೆ ಬೇರೆ ಆದರೆ, 50 ಹರ್ಟ್ಸ್‌ನ ಗುಂಗು ಎಲ್ಲ ಹಾಡಿನಡಿಯಲ್ಲೂ ಕೂತಿರುತ್ತದೆ. ಸೌಂಡಿಗೆ ಬೇರೆ ಫೇಸ್, ಎಲ್ಲ ಯಂತ್ರಕ್ಕೂ ಒಂದೇ ಅರ್ಥ್, ಜನರೇಟರ್ ನೂರಡಿ ಆಚೆ ಕಟ್ಟಡದ ಮರೆಗೆ. ಜೋರು ಕೊಡುವುದರಿಂದ ಇದಾವುದೂ ಸರಿಹೋಗುವುದಿಲ್ಲ.

ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ರಾತ್ರಿ ನಡೆಯುವ ಹುಣ್ಣಿಮೆ ಹಾಡಿಗೆ ಹೋದವರು ಬಂಡೆಯನ್ನು ಮರೆಯುವುದಿಲ್ಲ. ಬಂಡೆ ಒಳ್ಳೆಯ ಗೆಳೆಯನೂ ಹೌದು, ಹಠಮಾರಿಯೂ ಹೌದು. ಹಾಡುವವರ ಬೆನ್ನಿಗೆ ಆರೇಳು ಅಡಿಯಲ್ಲಿ ಬಂಡೆ ಇದ್ದರೆ ಅದಕ್ಕೆ ತಾಗಿ ಬಂದ ದನಿ ನೇರ ದನಿಯೊಂದಿಗೆ ಕೂಡಿಕೊಂಡು, ಮೈಕಿಲ್ಲದ ಹಾಡಿಗೂ ಒಂದು ತುಂಬು ಕೊಡುತ್ತದೆ. ಕೇಳುವವರ ಹಿಂದೆ ನೂರಡಿ ಆಚೆ ದೊಡ್ಡ ಬಂಡೆ ಇದ್ದರೆ ಹೋಗಿ ಬರುವ ಹಾದಿ ಇನ್ನೂರು ಅಡಿ, 180 ಮಿಲಿಸೆಕೆಂಡ್, ಪ್ರತಿ ಪೆಟ್ಟೂ ಬಿಡಿಯಾಗಿ ಮರುದನಿಯಾಗುತ್ತದೆ. ವಿಳಂಬದ ಪದಕ್ಕೆ ಅದು ಒಂದು ಸೊಗಸು, ಚುರುಕಿನ ತಮಟೆಗೆ ವಿಷ. ಇಂಥ ಜಾಗಗಳಲ್ಲಿ ಹಗಲು ಹೋಗಿ ಒಂದು ಸಲ ಚಪ್ಪಾಳೆ ಹೊಡೆದು ನೋಡಿದರೆ ಯಾರು ಎಲ್ಲಿ ನಿಲ್ಲಬೇಕು ಎಂಬುದು ಬಂಡೆಯೇ ಹೇಳುತ್ತದೆ. ನಂದಿಯ ಭೋಗನಂದೀಶ್ವರನ ಪ್ರಾಕಾರದಂಥ ಕಲ್ಲಿನ ಅಂಗಳಗಳಿಗೂ ಅದೇ ಪರೀಕ್ಷೆ. ಕಲ್ಲುಕಂಬದ ಮಂಟಪದಲ್ಲಿ ವೀಣೆ, ಒಂಟಿ ಕೊರಳು ಅರಳುತ್ತವೆ. ದೊಡ್ಡ ಪೆಟ್ಟಿಗೆ ತಂದಿಟ್ಟರೆ ಕಲ್ಲೆಲ್ಲ ಕೂಗುತ್ತದೆ.

ಹೊತ್ತಿನ ವಿಷಯವನ್ನೂ ಹೇಳಿಬಿಡಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅನುಮತಿ ಪತ್ರ ಬರಹದಲ್ಲಿರಲಿ, ಅದರ ಒಂದು ಪ್ರತಿ ವೇದಿಕೆಯ ಹತ್ತಿರವೇ ಇರಲಿ. ಇಡೀ ರಾತ್ರಿಯ ಜಾಗರಣೆಗೆ ಹತ್ತರ ನಂತರ ಮೈಕ್ ತೆಗೆದು ಮುಂದುವರಿಸುವ ಊರುಗಳಿವೆ. ಜನ ಎದ್ದು ಹತ್ತಿರ ಸರಿದು ಕೂರುತ್ತಾರೆ. ಕಾನೂನಿನ ಒತ್ತಾಯದಿಂದ ಆದದ್ದೇ ಆದರೂ ರಾತ್ರಿಯ ಒಳ್ಳೆಯ ಭಾಗ ಶುರುವಾಗುವುದು ಬಹಳ ಸಲ ಅಲ್ಲಿಂದಲೇ.

ಹಾಗೆ ಮೈಕ್ ತೆಗೆಯುವುದಕ್ಕೂ ಒಂದು ಕ್ರಮವಿದೆ. ಗುಂಡಿ ಒತ್ತಿ ಒಮ್ಮೆಲೇ ಆರಿಸಿದರೆ ಕರೆಂಟು ಹೋಯಿತೆಂದು ಜನ ಗದ್ದಲ ಎಬ್ಬಿಸುತ್ತಾರೆ. ಒಂಬತ್ತೂವರೆಗೇ ಶುರು ಮಾಡಿ, ಒಂದೊಂದು ಪದಕ್ಕೆ ಮೂರು ಡೆಸಿಬಲ್‌ನಂತೆ ಇಳಿಸುತ್ತಾ ಬರಬೇಕು. ಮೊದಲು ಹಿಂದಿನ ಪೆಟ್ಟಿಗೆ, ಆಮೇಲೆ ತಾಳ ಮದ್ದಳೆಯ ಮೈಕ್, ಕೊನೆಗೆ ಹಾಡುವವರದ್ದು. ಅಷ್ಟರಲ್ಲಿ ಹಿಂದಿನ ಸಾಲಿನವರು ಚಾಪೆ ಸುರುಳಿ ಸುತ್ತಿಕೊಂಡು ಮುಂದೆ ಬಂದಿರುತ್ತಾರೆ. ಶಾಮಿಯಾನದ ದೊಡ್ಡ ದೀಪಗಳನ್ನೂ ಆರಿಸಿ ಎರಡು ಮಾತ್ರ ಉಳಿಸಿದರೆ, ಹೊರಗೆ ತಮಟೆಯವರು ಮತ್ತೆ ಹಚ್ಚಿದ ಬೆಂಕಿ ಒಳಗಿನಿಂದಲೇ ಕಾಣುತ್ತದೆ, ಉಗುರಿನಿಂದ ಚಿಮ್ಮಿ ನೋಡುವ ಆ ಸಣ್ಣ ಸದ್ದೂ ಕೇಳಿಸುತ್ತದೆ.